ಒಂದು ‘ಯು’ ಕಡಿಮೆ

ಹುಡುಗಿ ಮೇಣದ ಉಂಡೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ದಾರವನ್ನು ಅದರ ಮೇಲೆ ಎಳೆಯುತ್ತಿದ್ದಳು. ಒಂದು ಸಲ, ಎರಡು ಸಲ, ಮೂರು ಸಲ. ಮೂರನೆಯ ಸಲಕ್ಕೆ ದಾರ ಬಿಗಿಯಾಗಿ, ಬೆರಳಿಗೆ ಅಂಟಿಯೂ ಅಂಟದ ಹಾಗೆ ಆಗುತ್ತಿತ್ತು. ಅದನ್ನು ಸೂಜಿಗೆ ಪೋಣಿಸಿ, ಗೋಡೆಯ ಮೊಳೆಗೆ ನೇತುಹಾಕಿ, ಮುಂದಿನ ದಾರಕ್ಕೆ ಕೈಹಾಕುತ್ತಿದ್ದಳು. ಬೈಂಡಿಂಗ್ ಅಂಗಡಿಯಲ್ಲಿ ಬೆಳಗಿನ ಮೊದಲ ಕೆಲಸ ಇದು. ಇದಕ್ಕೆ ಮಾತು ಬೇಕಿಲ್ಲ. ಅವಳಿಗಂತೂ ಯಾವ ಕೆಲಸಕ್ಕೂ ಮಾತು ಬೇಕಾಗುತ್ತಿರಲಿಲ್ಲ.

ಅಂಗಡಿ ದೊಡ್ಡಪ್ಪನದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಇಲ್ಲಿ ಬಂದು ಕೂತವಳಿಗೆ ಆಗಲೇ ಒಂಬತ್ತು ವರ್ಷ. ಹಾಳೆ ಜೋಡಿಸುವುದು, ಹೊಲಿಯುವುದು ಅವಳ ಪಾಲು. ಗೋಂದು ಕಲಸುವುದು ದೊಡ್ಡಮ್ಮನ ಪಾಲು. ಆಕೆಯ ಕೈ ಒಂದು ಸುತ್ತು ತಿರುಗಿದರೆ ಬಾಯಿ ನಾಲ್ಕು ಸುತ್ತು ತಿರುಗುತ್ತಿತ್ತು. ರಟ್ಟಿನ ಮೇಲೆ ಹೆಸರು ಮೂಡಿಸುವುದು ಮಾತ್ರ ದೊಡ್ಡಪ್ಪನದು. ಹಿತ್ತಾಳೆಯ ಉಲ್ಟಾ ಅಕ್ಷರಗಳನ್ನು ಹಿಡಿಕೆಯಲ್ಲಿ ಸಾಲಾಗಿ ಬಿಗಿದು, ಒಲೆಯ ಮೇಲೆ ಕಾಯಿಸಿ, ಚಿನ್ನದ ಬಣ್ಣದ ತೆಳು ಹಾಳೆಯ ಮೇಲಿಟ್ಟು ಒತ್ತಿದರೆ ಮುಗಿಯಿತು. ಒತ್ತಿದ್ದನ್ನು ಅಳಿಸಲು ದೇವರಿಂದಲೂ ಆಗದು.

ಇವತ್ತು ಮೇಜಿನ ಮೇಲಿದ್ದದ್ದು ಕನ್ನಡಕದ ಮೇಡಂ ಇಂಗ್ಲಿಷ್ ಪದಗಳ ಮೇಲೆ ಬರೆದ ಪಿಎಚ್‌ಡಿ ಪ್ರಬಂಧ. ಒಟ್ಟು ನಾಲ್ಕು ಪ್ರತಿ, ಆರು ವರ್ಷದ ದುಡಿಮೆ. ಸಂಜೆ ಐದರೊಳಗೆ ಯೂನಿವರ್ಸಿಟಿ ಕಚೇರಿಗೆ ಒಪ್ಪಿಸಬೇಕು. ಇಲ್ಲದಿದ್ದರೆ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ ಎಂದು ಮೇಡಂ ತಾವೇ ಹೇಳಿ ಹೋಗಿದ್ದರು.

ಹಾಳೆ ಜೋಡಿಸುವವಳಿಗೆ ಪುಟದ ನಂಬರು ನೋಡಿದರೆ ಸಾಕು. ಆದರೆ ಕಣ್ಣೇನು ಗೂಟಕ್ಕೆ ಕಟ್ಟಿದ ಕರುವೇ? ಎರಡು ದಿನದ ಹಿಂದೆ, ಹನ್ನೆರಡನೆಯ ಪುಟ ಜೋಡಿಸುವಾಗ, ಅವಳ ಕಣ್ಣು ಒಂದು ಪದದ ಮೇಲೆ ಬಿದ್ದಿತ್ತು. ಅದರ ನಡುನಡುವೆ ಸಣ್ಣ ಗೆರೆ ಎಳೆದು ಮೂರು ತುಂಡು ಮಾಡಿದ್ದರು: ಅನ್, ಬ್ರೇಕ್, ಏಬಲ್. ಕೂಡಿಸಿ ಓದಿದಳು. ಅನ್‌ಬ್ರೇಕಬಲ್. ಅರೆ, ಮನೆಯ ಪ್ಲಾಸ್ಟಿಕ್ ಬಕೆಟ್ಟಿನ ತಳದಲ್ಲಿ ಇದೇ ಅಲ್ಲವೇ ಇರುವುದು! ಇಷ್ಟು ವರ್ಷ ಅದು ಬಕೆಟ್ ಮಾಡಿದ ಕಂಪನಿಯ ಹೆಸರು ಎಂದುಕೊಂಡಿದ್ದಳು. ಬ್ರೇಕ್ ಎಂದರೆ ಮುರಿ. ಹಿಂದೆ ಒಂದು ಚೂರು, ಮುಂದೆ ಒಂದು ಚೂರು ಹೊಲಿದರೆ ‘ಮುರಿಯಲಾಗದ್ದು’. ಮನೆ ಎನ್ನುವುದಕ್ಕೆ ‘ಗೆ’ ಹಚ್ಚಿದರೆ ಮನೆಗೆ, ‘ಇಂದ’ ಹಚ್ಚಿದರೆ ಮನೆಯಿಂದ ಆಗುವ ಹಾಗೆ, ಇಂಗ್ಲಿಷಿಗೂ ಹೊಲಿಗೆ ಇತ್ತು. ಶಾಲೆಯಲ್ಲಿ ಆ ಭಾಷೆ ಅವಳಿಗೆ ಬಾಗಿಲಿಲ್ಲದ ಗೋಡೆಯಾಗಿತ್ತು. ಇಲ್ಲಿ ಯಾರೋ ಒಂದೊಂದೇ ಇಟ್ಟಿಗೆ ತೆಗೆದು ತೋರಿಸುತ್ತಿದ್ದರು.

ಅದರ ಕೆಳಗೇ ಇನ್ನೊಂದು: ಬ್ರೇಕ್, ಫಾಸ್ಟ್. ಫಾಸ್ಟ್ ಎಂದರೆ ಬೇಗ ಅಲ್ಲವೇ? ಬೇಗ ಮುರಿ? ಅರ್ಥವಾಗಲಿಲ್ಲ. ಮಧ್ಯಾಹ್ನ ದೊಡ್ಡಮ್ಮ, “ನಾಳೆ ನಿಮ್ಮ ಫಾಸ್ಟಿಂಗ್ ಶುಗರ್ ಇದೆ ಕಣ್ರೀ, ಬೆಳಗ್ಗೆ ಕದ್ದು ಬಿಸ್ಕತ್ ತಿಂದೀರಾ,” ಎಂದು ದೊಡ್ಡಪ್ಪನನ್ನು ಗದರಿಸಿದಾಗ ಅವಳ ಕೈಯಲ್ಲಿದ್ದ ಸೂಜಿ ನಿಂತಿತು. ಫಾಸ್ಟಿಂಗ್. ಉಪವಾಸ. ರಾತ್ರಿಯಿಡೀ ಖಾಲಿ ಹೊಟ್ಟೆಯಲ್ಲಿದ್ದು ಬೆಳಗ್ಗೆ ಆ ಉಪವಾಸ ಮುರಿಯುವುದೇ ಬ್ರೇಕ್‌ಫಾಸ್ಟ್! ಎಲ್ಲರೂ ದಿನವೂ ಆಡುವ ಪದದ ಹೊಟ್ಟೆಯಲ್ಲಿ ಒಂದು ಇಡೀ ರಾತ್ರಿ ಬಚ್ಚಿಟ್ಟುಕೊಂಡು ಕೂತಿತ್ತು. ಅವಳಿಗೆ ಮೈ ಜುಮ್ಮೆಂದಿತು. ಯಾರಿಗೂ ಹೇಳಲಿಲ್ಲ.

ನಲವತ್ತೊಂದನೆಯ ಪುಟದಿಂದ ಪದಗಳ ಎರಡು ಕಾಲಂ ಶುರು, ಎಡಕ್ಕೊಂದು, ಬಲಕ್ಕೊಂದು. ಒಂದರ ತಲೆಯ ಮೇಲೆ ಬ್ರಿಟಿಷ್, ಇನ್ನೊಂದರ ಮೇಲೆ ಅಮೆರಿಕನ್. ಕಲರ್ ಎನ್ನುವುದಕ್ಕೆ ಎಡಗಡೆಯಲ್ಲಿ ‘ಯು’ ಇತ್ತು, ಬಲಗಡೆಯಲ್ಲಿ ಇರಲಿಲ್ಲ. ಸೆಂಟರ್ ಎನ್ನುವುದರ ಕೊನೆಯ ಎರಡು ಅಕ್ಷರ ಸಮುದ್ರ ದಾಟುವಾಗ ಹಿಂದುಮುಂದಾಗಿದ್ದವು. ಟಯರ್ ಎನ್ನುವುದರಲ್ಲಿ ‘ವೈ’ ಹೋಗಿ ‘ಐ’ ಬಂದಿತ್ತು. ಬಾಯಲ್ಲಿ ಹೇಳಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಮಾತ್ರ ಗೊತ್ತಾಗುವ ಗುಟ್ಟು. ಅಮ್ಮ ಚೊಂಬು ಎನ್ನುವುದನ್ನು ದೊಡ್ಡಮ್ಮ ತಂಬಿಗೆ ಎನ್ನುತ್ತಾಳೆ. ಯಾರದು ಸರಿ ಎಂದು ಇಬ್ಬರೂ ವರ್ಷಕ್ಕೊಮ್ಮೆಯಾದರೂ ಜಗಳ ಆಡುತ್ತಾರೆ. ನೀರು ಮಾತ್ರ ಎರಡರಲ್ಲೂ ಅಷ್ಟೇ ಹಿಡಿಯುತ್ತದೆ.

ಫಸ್ಟ್ ಫ್ಲೋರ್ ಎನ್ನುವ ಸಾಲು ಬಂದಾಗ ಅವಳು ಎದ್ದು ಕಿಟಕಿಗೆ ಹೋಗಿ ಕೆಳಗೆ ನೋಡಿದಳು. ಅವರ ಅಂಗಡಿ ಒಂದು ಮೆಟ್ಟಿಲುಸಾಲು ಹತ್ತಿದರೆ ಸಿಗುತ್ತದೆ. ಎಡಗಡೆಯ ಲೆಕ್ಕದಲ್ಲಿ ಅದು ಮೊದಲನೆಯ ಮಹಡಿ. ಬಲಗಡೆಯ ಲೆಕ್ಕದಲ್ಲಿ ನೆಲವೇ ಮೊದಲನೆಯದು, ಅವರದು ಎರಡನೆಯದು. ಗೋಂದಿನ ಡಬ್ಬಿ, ಒಲೆ, ದೊಡ್ಡಮ್ಮನ ಬಾಯಿ ಸಮೇತ ಇಡೀ ಅಂಗಡಿ ಕೂತಲ್ಲೇ ಒಂದು ಮಹಡಿ ಮೇಲೇರಿತ್ತು!

ಈಗ ಮಧ್ಯಾಹ್ನ ಎರಡೂವರೆ. ನಾಲ್ಕೂ ರಟ್ಟು ಸಿದ್ಧ. ಒಲೆ ಕೆಂಪಗಿತ್ತು. ಮೇಡಂ ಬರೆದುಕೊಟ್ಟ ಚೀಟಿಯನ್ನು ದೊಡ್ಡಪ್ಪ ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ದೊಡ್ಡ ಅಕ್ಷರದಲ್ಲಿ ಎರಡೇ ಪದ.

“ಕಲರ್, ಕಲರ್,” ಎಂದು ಓದಿದರು.

“ಎರಡು ಸಲ ಯಾಕ್ರೀ?” ದೊಡ್ಡಮ್ಮ ಕೇಳಿದಳು. “ಐಸ್‌ಕ್ಯಾಂಡಿ ಮಾರೋರ ಥರ.”

“ಪಿಎಚ್‌ಡಿ ಕಣೇ. ಒಂದೇ ಸಲ ಹೇಳಿದ್ರೆ ಯಾರು ಡಿಗ್ರಿ ಕೊಡ್ತಾರೆ?” ದೊಡ್ಡಪ್ಪ ನಕ್ಕು, ಮತ್ತೆ ಗಾಜು ಹಿಡಿದರು. “ಅಯ್ಯೋ, ನೋಡಿಲ್ಲಿ. ಮೇಡಂ ಆತುರದಲ್ಲಿ ಎರಡನೇದ್ರಲ್ಲಿ ಒಂದು ‘ಯು’ ನುಂಗಿಬಿಟ್ಟಿದಾರೆ. ಇಷ್ಟು ಓದಿದೋರು! ನಾನು ನೋಡ್ದೆ ಇದ್ದಿದ್ರೆ ಇವತ್ತು ಅವರ ಮಾನ ಹೋಗ್ತಿತ್ತು.”

ಪೆಟ್ಟಿಗೆಯಲ್ಲಿ ಇನ್ನೊಂದು ‘ಯು’ ಹುಡುಕಲು ಶುರುಮಾಡಿದರು.

ಅವಳು ಸೂಜಿ ಕೆಳಗಿಟ್ಟಳು. ಹೇಳಬೇಕು. ಹೇಳದಿದ್ದರೆ ನಾಲ್ಕು ರಟ್ಟಿನ ಮೇಲೂ ಒಂದೇ ಪದ ಎರಡೆರಡು ಸಲ ಕೂತುಬಿಡುತ್ತದೆ. ಮೇಡಂ ಆರು ವರ್ಷ ನೋಡಿದ್ದೆಲ್ಲ ಆ ಬಿಟ್ಟುಹೋದ ‘ಯು’ನಲ್ಲಿತ್ತು. ಮತ್ತೆ ರಟ್ಟು ಕಟ್ಟಿ ಒಣಗಿಸುವ ಹೊತ್ತಿಗೆ ಐದು ದಾಟಿ, ಕಚೇರಿ ಬಾಗಿಲು ಹಾಕಿರುತ್ತದೆ. ಆದರೆ ಮೂವತ್ತು ವರ್ಷ ಅಕ್ಷರ ಕೂರಿಸಿದ ದೊಡ್ಡಪ್ಪನಿಗೆ ಏಳನೇ ಕ್ಲಾಸಿನವಳು ಇಂಗ್ಲಿಷ್ ಹೇಳುವುದೇ?

ನಲವತ್ತೊಂದನೆಯ ಪುಟ ತೆರೆದು ಪ್ರತಿಯನ್ನು ಅವರ ಮುಂದೆ ತಳ್ಳಿದಳು.

“ಏನಮ್ಮಾ? ಆಮೇಲೆ ತೋರ್ಸು. ಒಲೆ ಕಾದಿದೆ.”

ಪೆಟ್ಟಿಗೆಯ ಮೂಲೆಯಲ್ಲಿ ಅವರ ಬೆರಳಿಗೆ ಎರಡನೆಯ ‘ಯು’ ಸಿಕ್ಕಿತು. ಊದಿ ಧೂಳು ತೆಗೆದರು. ಹಿಡಿಕೆಯಲ್ಲಿ ಕೂರಿಸಿ ತಿರುಪು ಬಿಗಿದರು. ಒಲೆಯ ಮೇಲಿಟ್ಟರು.

“ದೊಡ್ಡಪ್ಪಾ, ಬೇಡ.”

ದೊಡ್ಡಮ್ಮ ತಿರುಗಿ ನೋಡಿದಳು, ಗೋಡೆ ಮಾತಾಡಿತೇನೋ ಎನ್ನುವ ಹಾಗೆ.

“ಅದು ತಪ್ಪಲ್ಲ,” ಎಂದಳು ಹುಡುಗಿ. “ಒಂದು ಬ್ರಿಟಿಷರು ಬರೆಯೋದು, ಇನ್ನೊಂದು ಅಮೆರಿಕದವರು ಬರೆಯೋದು. ಅವರು ‘ಯು’ ಹಾಕಲ್ಲ. ಬೇಕು ಅಂತಾನೇ ಹಾಕಲ್ಲ. ಈ ಪುಸ್ತಕ ಇರೋದೇ ಅದರ ಬಗ್ಗೆ. ನೀವು ಸರಿ ಮಾಡಿದ್ರೆ... ಪುಸ್ತಕ ಸುಳ್ಳಾಗುತ್ತೆ.”

“ಯಾಕೆ, ಆ ದೇಶದಲ್ಲಿ ಅಕ್ಷರಕ್ಕೂ ಬರವಾ?” ಎಂದರು ದೊಡ್ಡಪ್ಪ. ಆದರೆ ಹಿಡಿಕೆಯನ್ನು ಒಲೆಯಿಂದ ಇಳಿಸಿದರು. ಭೂತಗನ್ನಡಿ ಪುಟದ ಮೇಲೆ ಮೆಲ್ಲಗೆ ಇಳಿಯತೊಡಗಿತು. ಒಂದು ಸಾಲು ಎಡಕ್ಕೆ, ಅದೇ ಸಾಲು ಬಲಕ್ಕೆ. ಪುಟ ಮಗುಚಿದರು. ಇನ್ನೊಂದು ಮಗುಚಿದರು.

“ಹೋದ ವರ್ಷ ಒಬ್ಬರು ‘ಸೆಂಟರ್’ ಅಂತ ಹಿಂದುಮುಂದಾಗಿ ಬರೆದುಕೊಟ್ಟಿದ್ರು,” ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಳ್ಳುವಂತೆ. “ನಾನು ತಿದ್ದಿದೆ. ಅದಕ್ಕೂ ಮೊದಲು ಇನ್ನೊಬ್ಬರದು. ಸರಿ ಮಾಡ್ತಿದೀನಿ ಅಂದ್ಕೊಂಡಿದ್ದೆ ಕಣಮ್ಮಾ. ಎಷ್ಟು ಜನರ ಸರಿನ ತಪ್ಪು ಮಾಡಿದೀನೋ!”

“ಬಿಡಿ, ಅವರೂ ನೋಡಿರಲ್ಲ,” ಎಂದಳು ದೊಡ್ಡಮ್ಮ.

ಹಿಡಿಕೆ ತಣ್ಣಗಾದ ಮೇಲೆ ದೊಡ್ಡಪ್ಪ ತಿರುಪು ಸಡಿಲಿಸಿ ‘ಯು’ ಹೊರಗೆ ತೆಗೆದರು, ಹಲ್ಲಿನಲ್ಲಿ ಸಿಕ್ಕಿದ್ದನ್ನು ತೆಗೆದಷ್ಟು ನಾಜೂಕಾಗಿ. ಮತ್ತೆ ಕಾಯಿಸಿದರು. ಒತ್ತಿದರು. ನೀಲಿ ರಟ್ಟಿನ ಮೇಲೆ ಎರಡು ಪದ ಅಕ್ಕಪಕ್ಕ ಹೊಳೆದವು. ಅಕ್ಕ ತಂಗಿಯರ ಹಾಗೆ. ಮೂಗು ಒಂದೇ, ಎತ್ತರದಲ್ಲಿ ಒಂದು ಬೆರಳು ವ್ಯತ್ಯಾಸ. ಅವಳು ರೆಪ್ಪೆ ಮಿಟುಕಿಸದೆ ನೋಡಿದಳು. ಇಲ್ಲದ ಒಂದು ಅಕ್ಷರ ಇಷ್ಟು ಹೊಳೆಯಬಹುದು ಎಂದು ಅವಳಿಗೆ ತಿಳಿದಿರಲಿಲ್ಲ.

ನಾಲ್ಕು ಗಂಟೆಗೆ ಮೇಡಂ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದರು. ರಟ್ಟು ನೋಡಿ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

“ಬರೋವಾಗ ಬಸ್ಸಲ್ಲಿ ನೆನಪಾಯ್ತು ಸರ್, ನಿಮಗೆ ಹೇಳೋದೇ ಮರೆತಿದ್ದೆ ಅಂತ. ಪ್ರಿಂಟ್ ಮಾಡೋರು ಎರಡು ಸಲ ಆ ‘ಯು’ ಸೇರಿಸಿಬಿಟ್ಟಿದ್ರು. ಬಸ್ಸಿಳಿದವಳೇ ಓಡಿ ಬಂದೆ.”

“ನಾನೂ ಸೇರಿಸಿದ್ದೆ ಮೇಡಂ,” ದೊಡ್ಡಪ್ಪ ಗದ್ದದಿಂದ ಅವಳತ್ತ ತೋರಿಸಿದರು. “ನಮ್ಮ ಹುಡುಗಿ ತಡೆದಳು. ನಿಮ್ಮ ಪುಸ್ತಕ ಓದಿದಾಳೆ.”

“ಓದಿದೆಯಾ?” ಮೇಡಂ ಅವಳ ಕಡೆ ತಿರುಗಿದರು. “ಯಾವುದು ಇಷ್ಟ ಆಯ್ತು?”

ಅವಳು ನೆಲ ನೋಡಿದಳು. “ಬ್ರೇಕ್‌ಫಾಸ್ಟ್,” ಎಂದಳು.

ಮೇಡಂ ಗಟ್ಟಿಯಾಗಿ ನಕ್ಕರು, ಇನ್ನೇನೋ ಹೇಳಲು ಬಾಯಿ ತೆರೆದರು, ಗೋಡೆಯ ಗಡಿಯಾರ ನೋಡಿ ನಾಲ್ಕು ಪ್ರತಿಯನ್ನೂ ಎದೆಗೊತ್ತಿಕೊಂಡು ಮೆಟ್ಟಿಲಿಳಿದು ಓಡಿದರು.

ದೊಡ್ಡಪ್ಪ ಹಿಡಿಕೆಯಿಂದ ಅಕ್ಷರಗಳನ್ನು ಒಂದೊಂದಾಗಿ ಬಿಚ್ಚಿ ಅವುಗಳ ಗೂಡಿಗೆ ಹಾಕುತ್ತಿದ್ದರು. ದೊಡ್ಡಮ್ಮ ಗೋಂದಿನ ಕಡ್ಡಿ ಹಿಡಿದು, ಅಪರೂಪಕ್ಕೆ ಬಾಯಿ ಮುಚ್ಚಿ ಕೂತಿದ್ದಳು. ಹುಡುಗಿ ಮೇಣದ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಪೆಟ್ಟಿಗೆಯ ಹತ್ತಿರ ಬಂದು ನಿಂತಳು.

“ದೊಡ್ಡಪ್ಪಾ,” ಎಂದಳು, “ಮುಂದಿನ ಹೆಸರು ನಾನು ಜೋಡಿಸ್ಲಾ?”