ಬೋರ್ಡಿಗೆ ಕಾಣುವ ಕೈ

ಮೂರನೆಯ ಸಲ ಹೆಸರು ಕರೆದಾಗಲೂ ಶಂಕ್ರೆವ್ವ ಟೀಚರ್ ಬೋರ್ಡಿನ ಹತ್ತಿರ ಬರಲಿಲ್ಲ. "ಐಶ್ವರ್ಯಾ ಟೀಚರ್ ಮಾಡ್ಲಿರಿ ಮೊದಲ. ಬಿಸಿಯೂಟಕ್ಕ ಬ್ಯಾಳಿ ಬೆಂದೈತೋ ಇಲ್ಲೋ ನೋಡಿ ಬರ್ತೀನಿ," ಎಂದು ಸೆರಗು ಹೊದ್ದು ಹೊರಟೇಬಿಟ್ಟರು. ಬೇಳೆ ಬೆಂದಿದೆಯೆಂದು ಅರ್ಧ ಗಂಟೆಯ ಹಿಂದೆ ಅವರೇ ನೋಡಿಕೊಂಡು ಬಂದಿದ್ದರು.

ಬಿಜ್ಜರಗಿಯ ಆ ಶಾಲೆಗೆ ಸ್ಮಾರ್ಟ್ ಬೋರ್ಡು ಬಂದು ಎಂಟು ತಿಂಗಳಾಗಿತ್ತು. ಅದನ್ನು ಬಳಸುವುದನ್ನು ಶಿಕ್ಷಕರಿಗೆ ಕಲಿಸುವುದು ಸುರೈಯಾಳ ಕೆಲಸ. ವಿಜಯಪುರದ ಜೋರಾಪುರ ಪೇಟೆಯ ಮನೆಯಿಂದ ಬೆಳಿಗ್ಗೆ ಹೊರಟು, ದಿನಕ್ಕೊಂದು ಊರಿನ ಬಸ್ಸು ಹತ್ತಿ, ಮೂರು ವರ್ಷದಲ್ಲಿ ನಲವತ್ತು ಶಾಲೆ ಸುತ್ತಿದ್ದಳು. ಕಲಿಯಲೊಲ್ಲದವರು ಅವಳಿಗೆ ಹೊಸಬರಲ್ಲ. ಮೇಜಿನ ಕೆಳಗೆ ಮೊಬೈಲು ನೋಡುವವರು, 'ರಿಟೈರ್ ಆಗಾಕ ಎರಡ ವರ್ಷ ಉಳದಾವ್ರಿ' ಎಂದು ನಕ್ಕು ಸುಮ್ಮನಾಗುವವರು. ಶಂಕ್ರೆವ್ವ ಆ ಪೈಕಿ ಅಲ್ಲ. ಮೊದಲ ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಅವರು ಬಿಟ್ಟುಹೋದ ನೋಟುಬುಕ್ಕಿನಲ್ಲಿ ಸುರೈಯಾ ಕಣ್ಣಾಡಿಸಿದಳು. ರಿಮೋಟಿನ ಚಿತ್ರ, ಒಂದೊಂದು ಗುಂಡಿಗೂ ಒಂದೊಂದು ನಂಬರು, ಅಲ್ಲಲ್ಲಿ ಅಂಚಿನಲ್ಲಿ 'ಯಾಕೆ?' ಎಂಬ ಪ್ರಶ್ನೆ. ಇಷ್ಟು ಬರೆದುಕೊಂಡವರು ಮುಟ್ಟಲು ಯಾಕೆ ಹಿಂಜರಿಯುತ್ತಾರೆ?

ಹೆಡ್‌ಮಾಸ್ತರ ಸಂಗನಬಸವ ಅವರು ಉತ್ತರ ತಮಗೆ ಗೊತ್ತಿದೆಯೆಂದುಕೊಂಡಿದ್ದರು. ಊಟದ ಗಂಟೆ ಹೊಡೆದ ಮೇಲೆ ಸುರೈಯಾಳನ್ನು ಆಫೀಸಿಗೆ ಕರೆದರು.

"ದೀಪಾವಳಿ ಮುಂದ ಪಾಲಕರ ಸಭಾ ಇತ್ರಿ. ಶಂಕ್ರೆವ್ವ ಅಕ್ಕೋರು ಹೃದಯದ ಚಿತ್ರ ಹಾಕಿ, ಅದರ ಮ್ಯಾಲ ಬರದು ತೋರಸಾಕ ಹೋದ್ರು. ಚಿತ್ರ ಜಿಗೀತು, ತಿರುಗಿತು, ದೊಡ್ಡದಾಗಿ ಪರದೆ ತುಂಬ ಕೆಂಪಾತು. ಹುಡುಗ್ರು ನಕ್ರು, ದೊಡ್ಡವರೂ ನಕ್ರು. ಅವತ್ತಿನಿಂದ ಅದರ ಕಡೆ ಹಾದಿಲ್ಲ." ಅವರು ದನಿ ತಗ್ಗಿಸಿದರು. "ಜೂನದಿಂದ ವಿಜ್ಞಾನ ಬೋರ್ಡಿನ ಮ್ಯಾಲೇ ಕಲಸ್ಬೇಕ್ರಿ. ಐಶ್ವರ್ಯಾ ಟೀಚರಿಗೆ ಕೊಟ್ಟು, ಅಕ್ಕೋರಿಗೆ ಒಂದನೇತ್ತೆ ಹುಡುಗ್ರನ್ನ ಕೊಡೋಣಂತ ಮಾಡೇನಿ. ನಿಮ್ಮ ವರದಿಯೊಳಗೂ ಹಂಗ ಬಂದ್ರ ನನಗ ಅನುಕೂಲ."

"ಅಕ್ಕೋರು ಎಷ್ಟ ವರ್ಷದಿಂದ ವಿಜ್ಞಾನ ಕಲಸಾಕತ್ತಾರ್ರಿ?"

"ಇಪ್ಪತ್ತಾರು."

ಸುರೈಯಾ ಹೊರಬಂದಾಗ ಶಂಕ್ರೆವ್ವ ನಳದ ಕಟ್ಟೆಯ ಮೇಲೆ ಕುಳಿತು ಮೊಬೈಲು ತೆರೆಯಲು ಒದ್ದಾಡುತ್ತಿದ್ದರು. ನಂಬರನ್ನು ಎರಡು ಸಲ ಒತ್ತಿದರೂ ಹತ್ತಲಿಲ್ಲ. ಮೂರನೆಯ ಸಲ ತೆರೆಯಿತು.

"ಹೆಬ್ಬೆಟ್ಟ ಇಡೂದು ಮಾಡ್ಕೊಡ್ಲೇನ್ರಿ ಅಕ್ಕೋರೇ? ಲಗೂನ ತೆರೀತೈತಿ."

ಶಂಕ್ರೆವ್ವ ನಕ್ಕರು. ಆಮೇಲೆ ಏನನ್ನಿಸಿತೋ, ಬಲಗೈ ಬಿಡಿಸಿ ಅವಳ ಮುಂದೆ ಹಿಡಿದರು. ಬೆರಳ ತುದಿಗಳು ಸವೆದು, ಸೀಮೆಸುಣ್ಣದ ಬಿಳುಪು ಗೀರುಗಳಲ್ಲಿ ಕುಳಿತು, ಗೆರೆಗಳು ಅಳಿಸಿಹೋದಂತಿದ್ದವು.

"ಟಿಕೋಟಾದಾಗ ಸಿಮ್ ತಗೊಳ್ಳಾಕ ಹೋಗಿದ್ದೆ. ಹನ್ನೊಂದ ಸಲ ಹೆಬ್ಬೆಟ್ಟ ಒತ್ತಿದೆ. ಅಂಗಡಿಯವ 'ಅಕ್ಕೋರೇ, ಮಷಿನ್ನಿನ ಲೆಕ್ಕದಾಗ ನಿಮಗ ಬೆರಳ ಇಲ್ಲ' ಅಂದ. ಹಿಂದ ನಿಂತವರೆಲ್ಲ ನಕ್ರು. ರೇಷನ್ನಿನಾಗೂ ಹಂಗ. ಮುಂದ ಸಭಾದಾಗ ಈ ಬೋರ್ಡ ಹಂಗ ಕುಣೀತಲ್ಲ, ಅವತ್ತ ತಿಳಕೊಂಡೆ. ಈ ಕೈ ಮಷಿನ್ನಿಗೆ ಸೇರೂದಿಲ್ಲ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ ಅಕ್ಕೋರೇ."

"ಇಲ್ಲಂದ್ರ ಹೇಳ್ರಿ. ಈ ಬೋರ್ಡ ನನ್ನ ಬೆರಳನ್ನ ಹ್ಯಾಂಗ ಕಾಣತೈತಿ?"

ಇಲ್ಲಿ ಒತ್ತಿ, ಅಲ್ಲಿ ಎಳೆಯಿರಿ, ಹೀಗೆ ಅಳಿಸಿ ಎಂದು ಸುರೈಯಾ ನಲವತ್ತು ಶಾಲೆಗಳಲ್ಲಿ ಹೇಳಿದ್ದಳು. ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ. ತಾನೂ ಕೇಳಿಕೊಂಡಿರಲಿಲ್ಲ.

"ನನಗೂ ಗೊತ್ತಿಲ್ರಿ," ಎಂದಳು.

ಶಂಕ್ರೆವ್ವ ಮಂಡಿಗೆ ಕೈಕೊಟ್ಟು ಎದ್ದರು. "ಹಂಗಾರ ಬರ್ರಿ, ನೋಡೂಣು."

ಖಾಲಿ ತರಗತಿಯಲ್ಲಿ ಬೋರ್ಡು ಇನ್ನೂ ಬೆಳಗುತ್ತಿತ್ತು. ಶಂಕ್ರೆವ್ವ ಬೆರಳು ಚಾಚಲಿಲ್ಲ. ಮೇಜಿನ ಮೇಲಿದ್ದ ಮರದ ಅಳತೆಪಟ್ಟಿ ತೆಗೆದುಕೊಂಡು, ದೂರದಿಂದಲೇ, ಮಲಗಿದ ನಾಯಿಯನ್ನು ತಿವಿದಂತೆ ತಿವಿದರು. ಪರದೆಯ ಮೇಲೆ ಕರಿ ಚುಕ್ಕೆ ಮೂಡಿತು.

"ಆತ್ರಿ!" ಸುರೈಯಾಳೇ ಬೆಚ್ಚಿದಳು.

ಶಂಕ್ರೆವ್ವ ಅದೇ ಪಟ್ಟಿಯಿಂದ ತಮ್ಮ ಮೊಬೈಲನ್ನು ಒತ್ತಿದರು. ಏನೂ ಆಗಲಿಲ್ಲ. ಕರವಸ್ತ್ರದ ತುದಿ ಹೊಸೆದು ಬೋರ್ಡಿಗೆ ತಾಗಿಸಿದರು. ಚುಕ್ಕೆ. ಬೇವಿನ ಕಡ್ಡಿ. ಚುಕ್ಕೆ. "ಫೋನಿಗೆ ಚರ್ಮ ಬೇಕು. ಇದಕ್ಕ ಬ್ಯಾಡ," ಎಂದರು. ದನಿಯಲ್ಲಿದ್ದ ಸಂಕೋಚ ಎಲ್ಲೋ ಹೋಗಿತ್ತು. ಸುರೈಯಾ ವಿಜಯಪುರದಲ್ಲಿ ಬೋರ್ಡುಗಳ ರಿಪೇರಿ ಮಾಡುವ ಜಹೀರನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ಕಣ್ಣಿಗೆ ಕಾಣದ ಬೆಳಕ ಐತ್ರಿ ಅದು," ಎಂದ ಜಹೀರ. "ಚೌಕಟ್ಟಿನ ಈ ಮಗ್ಗಲದಿಂದ ಆ ಮಗ್ಗಲಕ್ಕ, ಮ್ಯಾಲಿಂದ ಕೆಳಗ, ನೂಲ ಎಳದಂಗ. ನಡಬರಕ ಏನ ಅಡ್ಡ ಬಂತು, ಎಲ್ಲಿ ಬಂತು, ಅಷ್ಟ ನೋಡತೈತಿ. ಯಾರ ಕೈ ಅಂತ ಕೇಳೂದಿಲ್ಲ. ಫೋನಿನ ಮುಂದಿನ ಕ್ಯಾಮೆರಾ ಚೌಕಟ್ಟಿನ ಅಂಚಿಗೆ ಹಿಡೀರಿ, ಕಂಡ್ರೂ ಕಾಣಬಹುದು."

ಕಿಟಕಿಗಳನ್ನು ಮುಚ್ಚಿದರು. ಮೊಬೈಲನ್ನು ಅಂಚಿಗೆ ಓರೆಯಾಗಿ ಹಿಡಿದಾಗ, ಕಪ್ಪು ಪಟ್ಟಿಯೊಳಗೆ ಮಸುಕು ನೇರಳೆ ಬಣ್ಣದ ಚುಕ್ಕೆಗಳ ಸಾಲು ಕಂಡಿತು. ಇಬ್ಬರೂ ತಲೆಗೆ ತಲೆ ತಾಗಿಸಿ ಬಹಳ ಹೊತ್ತು ನೋಡಿದರು.

"ಆದ್ರ ಅವತ್ತ ಯಾಕ ಕುಣೀತು?" ಶಂಕ್ರೆವ್ವ ಕೇಳಿದರು.

"ಅವತ್ತ ಹ್ಯಾಂಗ ಬರದ್ರಿ, ಹಂಗ ಬರೀರಿ ನೋಡೂಣು."

ಅವರು ಉಸಿರೆಳೆದುಕೊಂಡು ಬರೆಯಲು ಹೋದರು. ಒಂದು ಅಕ್ಷರ ಮೂಡುವಷ್ಟರಲ್ಲಿ ಪುಟ ಜಿಗಿಯಿತು, ಓರೆಯಾಯಿತು, ಹಿಗ್ಗಿತು. ಕೈ ಸರ್ರನೆ ಹಿಂದೆ ಬಂತು. ಆದರೆ ಸುರೈಯಾ ಈ ಸಲ ಬೋರ್ಡನ್ನಲ್ಲ, ಆ ಕೈಯನ್ನು ನೋಡುತ್ತಿದ್ದಳು.

"ಅಕ್ಕೋರೇ, ನೀವು ಅಂಗೈ ಊರಿ ಬರೀತೀರಿ."

"ಸೀಮೆಸುಣ್ಣ ಹಿಡದ ಮ್ಯಾಲ ಊರಾಕಬೇಕಲ್ಲ. ಇಲ್ಲಾಂದ್ರ ಸಾಲ ಡೊಂಕ ಆಗತಾವ..." ಶಂಕ್ರೆವ್ವ ಅರ್ಧಕ್ಕೆ ನಿಲ್ಲಿಸಿದರು. ಕೈ ತಿರುಗಿಸಿ ಅದರ ಅಂಚು ನೋಡಿಕೊಂಡರು, ಮಣಿಕಟ್ಟಿನ ಹಸಿರು ಬಳೆಗಳನ್ನು ನೋಡಿಕೊಂಡರು. "ಬೆರಳು, ಅಂಗೈ, ಬಳಿ. ಎಲ್ಲಾನೂ ಅಡ್ಡ ಬರಾಕತ್ತಾವ. ಅದು ಎಲ್ಲಾ ಬೆರಳ ಅಂತ ತಿಳ್ಕೊಂಡೈತಿ."

"ಹೌದ್ರಿ. ಎರಡ ಬೆರಳ ಕಂಡ್ರ ಪುಟ ಹಿಗ್ಗಸಾಕ, ತಿರಗಸಾಕ ಹತ್ತತೈತಿ. ಅದಕ್ಕ ನಿಮ್ಮ ಕೈ ಕಾಣೂದಿಲ್ಲಂತ ಅಲ್ಲ. ಇಡೀ ಕೈನೇ ಕಾಣಾಕತ್ತೈತಿ."

ಶಂಕ್ರೆವ್ವ ಬಳೆಗಳನ್ನು ಮೊಣಕೈಯತ್ತ ಸರಿಸಿದರು, ಅಂಗೈ ಎತ್ತಿ ಒಂದೇ ಬೆರಳಿನಲ್ಲಿ ಮೆಲ್ಲಗೆ ಎಳೆದರು. ಗೆರೆ ನಡುಗುತ್ತ ಹೊರಟಿತು, ಎಲ್ಲಿಯೂ ಕಡಿಯದೆ ಆ ತುದಿ ಮುಟ್ಟಿತು. ಅವರು ನಗಲಿಲ್ಲ, ಚಪ್ಪಾಳೆಗೂ ಕಾಯಲಿಲ್ಲ. ಅಳಿಸಿ ಇನ್ನೊಂದು ಎಳೆದರು. ಇನ್ನೊಂದು. ಗಂಟೆ ಹೊಡೆದಾಗ ಕಿಟಕಿ ತೆರೆಯುತ್ತ, "ಏಳನೇತ್ತೆಯವರನ್ನ ಇಲ್ಲಿಗೇ ಕರೀತೀನಿ. ಬೆಳಕಿನ ಪಾಠ ಹ್ಯಾಂಗೂ ಉಳದೈತಿ," ಎಂದರು.

ಮಕ್ಕಳು ಬಂದು ನೆಲದ ಮೇಲೆ ಕುಳಿತರು. ಶಂಕ್ರೆವ್ವ ಪುಸ್ತಕ ತೆರೆಯಲಿಲ್ಲ. ಅಳತೆಪಟ್ಟಿಯಿಂದ ಶುರುಮಾಡಿದರು. ಒಮ್ಮೆ ಮರೆತು ಅಂಗೈ ಊರಿದಾಗ ಪುಟ ಹಾರಿ, ಹಿಂದಿನ ಸಾಲು ಕಿಸಕ್ಕೆಂದಿತು. "ನಗಬ್ಯಾಡ್ರಿ, ಯಾಕ ಹಾರಿತು ಅದನ್ನ ಹೇಳ್ರಿ," ಎಂದರು. ಆಮೇಲೆ ಯಾರೂ ನಗಲಿಲ್ಲ, ಎಲ್ಲರೂ ಒಟ್ಟಿಗೆ ಹೇಳತೊಡಗಿದರು. ಮೊಣಕೈ, ಜಡೆಯ ತುದಿ, ಒಬ್ಬಳ ಮೂಗು, ಎಲ್ಲವೂ ಚುಕ್ಕೆ ಮೂಡಿಸಿದವು.

ಗದ್ದಲ ಕೇಳಿ ಬಂದ ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತರು. ಸುರೈಯಾಳ ಪಕ್ಕಕ್ಕೆ ಸರಿದು, ಮಕ್ಕಳ ಉತ್ತರಗಳನ್ನು ಕೇಳಿಸಿಕೊಂಡು, "ವಿಜ್ಞಾನ ಅಕ್ಕೋರ ಕಡೇನ ಇರ್ಲಿ ಬಿಡ್ರಿ," ಎಂದರು. "ಐಶ್ವರ್ಯಾ ಟೀಚರಿಗೆ ಗಣಿತ ಕೊಡ್ತೀನಿ. ನಾಲ್ಕೂವರೆ ಬಸ್ಸಿಗೆ ಹೊಂಟ್ರೇನು ನೀವು?"

"ಮುಂದಿನದಕ್ಕ ಹೋಗ್ತೀನ್ರಿ."

ಅಷ್ಟರಲ್ಲಿ ಕಾವ್ಯಾ ಎಂಬ ಹುಡುಗಿ ಎದ್ದು ನಿಂತಳು. ಅವಳ ಮನೆಯ ತೋಟದಲ್ಲಿ ದ್ರಾಕ್ಷಿ ಕೊಯ್ಲು ನಡೆದಿತ್ತು. ಲಂಗದ ಕಿಸೆಯಿಂದ ಒಂದು ಹಸಿರು ದ್ರಾಕ್ಷಿ ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದಳು. ಒಳಗಿನ ಬೀಜದ ನೆರಳು ಕಾಣಿಸಿತು.

"ಅಕ್ಕೋರೇ, ಇದರಾಗ ಬೆಳಕ ಹಾಯತೈತ್ರಿ. ಹಂಗಾರ ಇದು ಬೋರ್ಡಿಗೆ ಕಾಣತೈತೋ, ಇಲ್ಲೋ?"

ಮಕ್ಕಳು ತಿರುಗಿ ಅಕ್ಕೋರ ಮುಖ ನೋಡಿದರು. ಶಂಕ್ರೆವ್ವ ಸುರೈಯಾಳ ಮುಖ ನೋಡಿದರು. ಸುರೈಯಾ ಗೊತ್ತಿಲ್ಲವೆಂದು ತಲೆಯಾಡಿಸಿದಳು.

"ನನಗ ಗೊತ್ತಿಲ್ಲ," ಎಂದರು ಶಂಕ್ರೆವ್ವ. "ಕಾಣತೈತಿ ಅನ್ನವರು ಕೈ ಎತ್ರಿ."

ಅರ್ಧ ತರಗತಿ ಕೈಯೆತ್ತಿತು. ಎತ್ತಿದವರಲ್ಲಿ ಇಬ್ಬರು ಇಳಿಸಿದರು, ಒಬ್ಬ ಮತ್ತೆ ಎತ್ತಿದ. ಕಾವ್ಯಾ ತುದಿಗಾಲಲ್ಲಿ ನಿಂತು, ದ್ರಾಕ್ಷಿಯನ್ನು ತೊಟ್ಟು ಹಿಡಿದು ಇಳಿಬಿಟ್ಟು, ಬೆಳಗುವ ಗಾಜಿನತ್ತ ಒಯ್ಯತೊಡಗಿದಳು.