ಹೊಂಡದ ದಂಡೆಯ ಸೈಕಲ್ಲು

"ಬಲಕ್ಕೆ ತಿರುಗಿ," ಎಂದಿತು ಅಂಗಿಯ ಜೇಬಿನಲ್ಲಿದ್ದ ಫೋನು. ಬಲಕ್ಕೆ ದಾರಿಯೇ ಇರಲಿಲ್ಲ. ದ್ರಾಕ್ಷಿಯ ಸಾಲುಗಳಿದ್ದವು; ಒಂದರ ಹಿಂದೆ ಒಂದು, ಎಲ್ಲವೂ ಒಂದೇ ಎತ್ತರ, ಎಲ್ಲವೂ ಒಂದೇ ಹಸಿರು.

ಪಂಪಾಪತಿ ಬ್ರೇಕು ಹಿಡಿದು ಒಂದು ಕಾಲು ನೆಲಕ್ಕೂರಿದ. ಬ್ಯಾಟರಿ ಸೈಕಲ್ಲು ಇನ್ನೂ ಮುಂದೆ ಹೋಗಬೇಕೆನ್ನುವಂತೆ ಒಮ್ಮೆ ಗುಂಯ್ ಎಂದು ಸುಮ್ಮನಾಯಿತು. ಮುಂದೆ ಹೆಂಡತಿ ಸುರೇಖಾ ಇರಲಿಲ್ಲ. ಈಗಷ್ಟೇ ಇದ್ದಳು. ಈಗಷ್ಟೇ ಎಂದರೆ ಎಷ್ಟು ಹೊತ್ತಿನ ಮಾತು ಎಂದು ಯೋಚಿಸಿದ.

"ಬಲಕ್ಕೆ ತಿರುಗಿ." ಫೋನಿಗೆ ಬೇಸರವೆಂಬುದಿಲ್ಲ.

ಭಯ ಅವನಿಗೆ ಹೊಸದಲ್ಲ. ಕಾಲೇಜಿನ ಜವಾನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರೂ, ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೂ ಹೆದರುತ್ತಾನೆ. ಆದರೆ ಅವೆಲ್ಲ ಕಾರಣವಿದ್ದ ಭಯಗಳು, ಕಾರಣದ ಜೊತೆಗೇ ಹೋಗುವಂಥವು. ಇವತ್ತಿನದು ಬೆಳಿಗ್ಗೆಯೇ ಬಂದಿತ್ತು, ಕಾರಣವನ್ನು ಬಿಟ್ಟು ಒಂಟಿಯಾಗಿ.

ಇಲ್ಲಿಗೆ ಬರುವ ಆಲೋಚನೆ ಸುರೇಖಾಳದು. ಹನುಮಸಾಗರದ ಆಚೆ ಯಾರೋ ವೈನ್ ಮಾಡುತ್ತಾರಂತೆ, ತೋಟಗಳನ್ನೆಲ್ಲ ನಾವೇ ಸೈಕಲ್ಲಿನಲ್ಲಿ ಸುತ್ತಿ ನೋಡಬಹುದಂತೆ ಎಂದು ಫೋನಿನಲ್ಲಿ ತೋರಿಸಿದ್ದಳು. ಬೇಡ ಎನ್ನಲು ಅವನಿಗೆ ನೆವ ಸಿಕ್ಕಿರಲಿಲ್ಲ. ಕೆಲವು ತಿಂಗಳಿಂದ ಅವಳು ಮಾತು ಕಡಿಮೆ ಮಾಡಿದ್ದಳು. ಬ್ಯಾಂಕಿನಿಂದ ಬಂದು ಅಡುಗೆ ಮಾಡಿ, ಉಂಡು, ಕಿಟಕಿಯ ಬಳಿ ಕೂರುತ್ತಿದ್ದಳು. ಇಬ್ಬರೇ ಇರುವ ಆ ಮನೆಯಲ್ಲಿ ಮೌನ ಅವನಿಗೆ ಅನುಕೂಲವೇ ಆಗಿತ್ತು. ಪ್ರಶ್ನೆಪತ್ರಿಕೆ ತೆಗೆಯಲು, ಪೇಪರು ಓದಲು ಹೊತ್ತು ಸಿಗುತ್ತಿತ್ತು. ಹಾಗಾಗಿ ಏನಾಯಿತು ಎಂದು ಕೇಳಿರಲಿಲ್ಲ.

ಕೊಪ್ಪಳದಿಂದ ಕಾರಿನಲ್ಲಿ ಬಂದವರಿಗೆ ವೈನ್ ಫ್ಯಾಕ್ಟರಿಯ ಮುಂದೆ ಯಂಕೇಶ ಎಂಬ ಮ್ಯಾನೇಜರು ಎರಡು ಸೈಕಲ್ಲು, ಎರಡು ಹೆಲ್ಮೆಟ್ಟು ಕೊಟ್ಟಿದ್ದ.

"ಗೈಡ್ ಇರಂಗಿಲ್ರಿ ಸರ್. ನಿಮ್ಮ ಪಾಡಿಗೆ ನೀವು. ದ್ರಾಕ್ಷಿ ನೋಡ್ರಿ, ದಾಳಿಂಬ್ರಿ ನೋಡ್ರಿ, ಫೋಟೋ ತಗೀರಿ, ಸಂಜಿಕಿ ವಾಪಸ್ ಬರ್ರಿ. ಫೋನ ದಾರಿ ಹೇಳ್ತೈತಿ."

"ಫೋನು ತಪ್ಪಿದ್ರ?"

"ತಪ್ಪಂಗಿಲ್ರಿ. ತಪ್ಪಿದ್ರೂ ಎಲ್ಲಿ ಹೋಗ್ತೀರಿ ಸರ್, ಎಲ್ಲಾ ಕಡೆ ದ್ರಾಕ್ಷಿನ!"

ಸುರೇಖಾ ನಕ್ಕಳು. ಆ ನಗು ಕೇಳಿ ಅವನು ತಿರುಗಿ ನೋಡಿದ್ದ. ಬೇರೆ ಯಾರೋ ನಕ್ಕರೇನೋ ಎಂದು.

ರುಚಿ ನೋಡುವ ಕೋಣೆಯಲ್ಲಿ ಯಂಕೇಶ ಗ್ಲಾಸಿನ ತಳದಲ್ಲಿ ಒಂದಿಷ್ಟು ಕೆಂಪು ವೈನ್ ಹಾಕಿಕೊಟ್ಟ. ಪಂಪಾಪತಿ ಬೇಡವೆಂದ. ಸುರೇಖಾ ತೆಗೆದುಕೊಂಡಳು. ಗ್ಲಾಸಿನ ಕಡ್ಡಿಯನ್ನು ಎರಡೇ ಬೆರಳಲ್ಲಿ ಹಿಡಿದು, ಮೆಲ್ಲಗೆ ತಿರುಗಿಸಿ, ವಾಸನೆ ನೋಡಿ, ಕುಡಿದಳು.

"ನಿನಗ ಗೊತ್ತೈತೇನು ಇದೆಲ್ಲಾ?"

"ಏನು?"

"ಕುಡಿಯೂದು."

"ಕುಡಿಯೂದ್ರಾಗ ಏನೈತ್ರಿ ಗೊತ್ತಿರಾಕ?" ಎಂದು ಅವಳು ಖಾಲಿ ಗ್ಲಾಸನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಸೈಕಲ್ಲು ಹತ್ತಿದಳು. ಅವಳಿಗೆ ಸೈಕಲ್ಲು ಬರುತ್ತದೆಂಬುದೂ ಅವನಿಗೆ ತಿಳಿದಿರಲಿಲ್ಲ. ತವರೂರು ಗಂಗಾವತಿಯಲ್ಲಿ ಕಾಲುವೆ ದಂಡೆಗುಂಟ ದಿನಾ ಕಾಲೇಜಿಗೆ ಹೊಡೆಯುತ್ತಿದ್ದಳಂತೆ. ಇದನ್ನು ಅವಳು ಹೇಳಿದ್ದು ಅವನಿಗಲ್ಲ, ಯಂಕೇಶನಿಗೆ.

ಆಗ ಭಯ ಬಂತು. ಇಷ್ಟು ವರ್ಷ ತನ್ನ ಮನೆಯ ಕೀಲಿ ಯಾರ ಕೈಯಲ್ಲಿತ್ತು ಎಂಬಂಥ ಭಯ.

ಈಗ ಫೋನು ತೆಗೆದು ನೋಡಿದ. ನೆಟ್‌ವರ್ಕ್ ಇರಲಿಲ್ಲ. ಪರದೆಯ ಮೇಲೆ ನೀಲಿ ಚುಕ್ಕೆಯೊಂದು, ಸುತ್ತ ಏನೂ ಇಲ್ಲದ ಬಿಳುಪು. ಸೈಕಲ್ಲು ತಳ್ಳಿಕೊಂಡು ಸಾಲುಗಳ ನಡುವೆ ನಡೆದ. ಮಾಗಿದ ಗೊಂಚಲುಗಳು ಮೊಣಕಾಲಿಗೆ ತಾಗುತ್ತಿದ್ದವು. ಎಲೆಗಳ ಸಂದಿಯಿಂದ ಯಾರೋ ನೋಡುತ್ತಿದ್ದಂತೆ ಅನಿಸಿ ನಿಂತ. ನಿಂತರೆ ತನ್ನ ಉಸಿರಿನ ಸದ್ದೇ ಪಕ್ಕದ ಸಾಲಿನಿಂದ ಕೇಳಿಸುತ್ತಿತ್ತು. ಬಿರುಸಾಗಿ ನಡೆದ. ಪಕ್ಕದ ಸಾಲೂ ಬಿರುಸಾಯಿತು.

ಸಾಲಿನ ಕೊನೆಯಲ್ಲಿ ಇಬ್ಬರು ಹೆಂಗಸರು ಕುಕ್ಕರುಗಾಲಲ್ಲಿ ಕೂತು ಕತ್ತರಿಯಿಂದ ಗೊಂಚಲು ಕೊಯ್ದು ಕ್ರೇಟಿಗೆ ತುಂಬುತ್ತಿದ್ದರು. ಪಂಪಾಪತಿಯ ತಲೆಯ ಮೇಲೆ ಇನ್ನೂ ಹೆಲ್ಮೆಟ್ಟು, ಮೈಯೆಲ್ಲ ಬೆವರು. ಅವನನ್ನು ಕಂಡು ಒಬ್ಬಳು ಎದ್ದು ನಿಂತಳು.

"ಯಾಕ್ರಿ ಸಾಹೇಬ್ರ, ಏನಾತು?"

"ಇಲ್ಲೊಬ್ಬರು... ನಮ್ಮ ಮನಿಯವ್ರು. ಸೈಕಲ್ ಮ್ಯಾಲ ಹೋದ್ರೇನು ಈ ಕಡೆ?"

"ನಾವ್ ತಲಿ ಎತ್ತಿಲ್ರಿ. ಫಾತಿಮಾಬೀ, ನೀ ಏನರ ನೋಡಿದೇನ?"

ಫಾತಿಮಾಬೀ ಕತ್ತರಿಯಿಂದಲೇ ಇಲ್ಲವೆಂದು ಆಡಿಸಿದಳು. "ಯಾ ಬಣ್ಣದ ಸೀರಿ ಉಟ್ಟಾರ್ರಿ?"

ಪಂಪಾಪತಿ ಬಾಯಿ ತೆರೆದ. ಬೆಳಿಗ್ಗೆಯಿಂದ ಅವಳ ಜೊತೆಗಿದ್ದ. ಕಾರಿನಲ್ಲಿ ಪಕ್ಕದಲ್ಲೇ ಕೂತಿದ್ದಳು. ಕಾರು ನೆನಪಾಯಿತು, ಎದುರಿಗೆ ಬಂದ ಲಾರಿಗಳು ನೆನಪಾದವು. ಪಕ್ಕದ ಸೀಟಿನಲ್ಲಿ ಬರೀ ಒಂದು ಆಕಾರ.

"ಹಸರು," ಎಂದ. ಯಾಕೆ ಹಾಗೆಂದನೋ. ಸುತ್ತ ಇದ್ದದ್ದೆಲ್ಲ ಹಸಿರು.

"ಹೊಂಡದ ಕಡೆ ಹೋಗಿಲ್ಲಲ್ರಿ?" ಮೊದಲಿನವಳ ದನಿ ಸಣ್ಣದಾಯಿತು.

"ಯಾ ಹೊಂಡ?"

"ಕೃಷಿ ಹೊಂಡರಿ. ಆಚಿ ಕಡೆ ಐತಿ. ಒಳಗೆಲ್ಲಾ ತಾಡಪತ್ರಿ ಹಾಸ್ಯಾರ, ಕಾಲಿಟ್ರ ಜಾರತೈತಿ. ನಮ್ಮ ಆಡು ಬಿದ್ದಿತ್ರಿ. ಈಜತಿತ್ತು. ಮ್ಯಾಲ ಹತ್ತಾಕ ಆಗ್ಲಿಲ್ಲ."

"ಮಾರೆವ್ವ, ಸುಮ್ನಿರ," ಎಂದು ಗದರಿದ ಫಾತಿಮಾಬೀ ಕತ್ತರಿಯನ್ನು ಕ್ರೇಟಿನೊಳಗೆ ಹಾಕಿ ಎದ್ದಳು. "ನೀವು ಆ ಕಡಿಂದ ನೋಡ್ರಿ ಸಾಹೇಬ್ರ. ನಾವು ಸಾಲ ಹಿಡ್ಕೊಂಡು ಕರಕೊಂತ ಬರ್ತೀವಿ."

ಅವನು ಮಾರೆವ್ವ ಕೈ ತೋರಿದ ಕಡೆ ಹೋದ. ಓಡಬೇಕಿತ್ತು. ನಡೆದ. ಓಡಿದರೆ ಏನೋ ಆಗಿದೆ ಎಂದು ಒಪ್ಪಿದಂತೆ.

ಮಣ್ಣಿನ ಏರಿಯೊಂದು ಎದುರಾಯಿತು. ಸುತ್ತ ಹಾಕಿದ್ದ ತಂತಿಬೇಲಿ ಒಂದು ಕಡೆ ಮುರಿದು ಬಿದ್ದಿತ್ತು. ತನ್ನ ಸೈಕಲ್ಲನ್ನು ಕಂಬಕ್ಕೆ ಒರಗಿಸಿ ಮೇಲೆ ಹತ್ತಿದ.

ದಂಡೆಯ ಮೇಲೆ ಅವಳ ಸೈಕಲ್ಲು ಅಡ್ಡ ಬಿದ್ದಿತ್ತು. ಹ್ಯಾಂಡಲಿಗೆ ಕೆಂಪು ದುಪಟ್ಟಾ ಸುತ್ತಿತ್ತು. ಹೌದು, ಚೂಡಿದಾರ. ಸೀರೆಯೇ ಅಲ್ಲ. ಹೆಲ್ಮೆಟ್ಟು ಪಕ್ಕದಲ್ಲಿ ಬೋರಲಾಗಿತ್ತು.

ಕೆಳಗೆ ಕರಿ ಪ್ಲಾಸ್ಟಿಕ್ ಹಾಳೆ ನುಣ್ಣಗೆ ಇಳಿದು ನೀರಿನಲ್ಲಿ ಮುಳುಗಿತ್ತು. ನೀರು ದಪ್ಪಗೆ, ಅಲುಗದೆ ನಿಂತಿತ್ತು. ಒಂದು ಎಲೆ ಕೂಡ ತೇಲುತ್ತಿರಲಿಲ್ಲ.

ಕರೆಯಬೇಕು ಎಂದುಕೊಂಡ. ಹೆಸರು ಹಿಡಿದು ಅವಳನ್ನು ಕರೆದು ಎಷ್ಟು ಕಾಲವಾಗಿತ್ತು? ಮನೆಯಲ್ಲಿ 'ಏ' ಎಂದರೆ ಸಾಕಾಗುತ್ತಿತ್ತು. ಆಮೇಲಾಮೇಲೆ ಅದೂ ಬೇಕಾಗಿರಲಿಲ್ಲ, ಕೆಮ್ಮಿದರೆ ಸಾಕು. ಕರೆದು, ಅವಳು ಓಗೊಡದಿದ್ದರೆ ಎಲ್ಲವೂ ನಿಜವಾಗುತ್ತದೆ. ಕರೆಯದಿರುವಷ್ಟು ಹೊತ್ತು ಇದು ಬರೀ ಒಂದು ಸೈಕಲ್ಲು, ಬರೀ ಒಂದು ಹೊಂಡ.

ಹೀಗೆ ನಿಂತಿದ್ದಾಗಲೇ ಮನಸ್ಸು ತನ್ನಷ್ಟಕ್ಕೆ ತಾನು ಕೆಲಸ ಶುರುಮಾಡಿತ್ತು. ನಾಳೆ ಪ್ರಾಕ್ಟಿಕಲ್ ಪರೀಕ್ಷೆ, ಇನ್ನೊಬ್ಬರನ್ನು ಹಾಕಬೇಕಾಗುತ್ತದೆ. ಗಂಗಾವತಿಗೆ ಯಾರು ಫೋನು ಮಾಡುವುದು. ಸ್ಟಾಫಿನವರು ಮನೆಗೆ ಬರುತ್ತಾರೆ, ಚಾಪೆ ಸಾಲುವುದಿಲ್ಲ. ಅವರೆದುರು ಮುಖ ಹೇಗಿಟ್ಟುಕೊಳ್ಳಬೇಕು. ಆಮೇಲೆ ಅವರೆಲ್ಲ ಎದ್ದು ಹೋಗುತ್ತಾರೆ. ಕಿಟಕಿಯ ಬಳಿ ಯಾರೂ ಇರುವುದಿಲ್ಲ. ಮನೆ ಶಾಂತವಾಗಿರುತ್ತದೆ.

ಶಾಂತ. ಆ ಪದ ಬಂದ ಕೂಡಲೇ ಅವನು ದಂಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. ನೀರಿನ ಭಯ ಅಲ್ಲಿಗೆ ಸಣ್ಣದಾಯಿತು. ಒಳಗೆ ಕೂತು ಇದನ್ನೆಲ್ಲ ಇಷ್ಟು ಸಲೀಸಾಗಿ ಯೋಚಿಸಿದವನು ಯಾರು? ಅವನೊಂದಿಗೆ ತಾನು ಇಷ್ಟು ವರ್ಷ ಒಂದೇ ಮೈಯಲ್ಲಿ ಹೇಗಿದ್ದೆ?

ದೂರದ ಸಾಲುಗಳಿಂದ ಹೆಂಗಸರ ಕೂಗು ಕೇಳಿಸಿತು. "ಯಕ್ಕಾ... ಯಕ್ಕಾ ಎಲ್ಲಿದ್ದೀರಿ... ಹಸರ ಸೀರಿ ಯಕ್ಕಾ..."

ಇಲ್ಲದ ಹೆಂಗಸೊಬ್ಬಳನ್ನು ಅವರು ಗಂಟಲು ಹರಿಯುವಂತೆ ಕರೆಯುತ್ತಿದ್ದರು. ಅವನು ತುಟಿ ಒದ್ದೆ ಮಾಡಿಕೊಂಡ.

"ಎಷ್ಟೊತ್ತಾತ್ರಿ ಬಂದು?"

ಹಿಂದಿನಿಂದ ದನಿ ಬಂತು. ಏರಿಯ ಬದಿಗೆ ಪಂಪುಸೆಟ್ಟಿನ ಶೆಡ್ಡು. ಅದರ ನೆರಳಲ್ಲಿ ಕಲ್ಲಿನ ಮೇಲೆ ಸುರೇಖಾ ಕೂತಿದ್ದಳು. ಮಡಿಲಲ್ಲಿ ಒಂದು ಗೊಂಚಲು ದ್ರಾಕ್ಷಿ, ಅರ್ಧ ತಿಂದಾಗಿತ್ತು. ಅಲ್ಲಿಂದ ದಂಡೆ ಪೂರ್ತಿ ಕಾಣುತ್ತಿತ್ತು.

"ಈಗ ಬಂದೆ," ಎಂದ.

"ಹೌದಾ."

"ಸೈಕಲ್ ಬಿದ್ದಿತ್ತಲ್ಲ. ನೋಡಿ..."

"ನೋಡಿ?"

"ಏನಿಲ್ಲ. ಬ್ಯಾಟರಿ ಹೋಗೈತೇನೋ ಅಂದ್ಕೊಂಡೆ."

ಅವಳು ಒಂದು ಹಣ್ಣು ಬಿಡಿಸಿ ಬಾಯಿಗೆ ಹಾಕಿಕೊಂಡಳು. ಅಗಿದಳು. ಬೀಜವನ್ನು ಅಂಗೈಗೆ ಉಗಿದು ಪಕ್ಕಕ್ಕೆ ಚೆಲ್ಲಿದಳು. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಬಹಳ ದಿನದಿಂದ ಅನುಮಾನವಿದ್ದ ಲೆಕ್ಕವೊಂದು ತಾಳೆಯಾದ ದಣಿವಿತ್ತು.

"ಕರದಿದ್ರ ಬರ್ತಿದ್ನಿ," ಎಂದಳು.

ಅಷ್ಟರಲ್ಲಿ ಮಾರೆವ್ವ ಏದುಸಿರು ಬಿಡುತ್ತ ಏರಿ ಹತ್ತಿ ಬಂದಳು, ಹಿಂದೆಯೇ ಫಾತಿಮಾಬೀ. ಮಾರೆವ್ವ ಸುರೇಖಾಳನ್ನು ನೋಡಿದವಳೇ ಎದೆಯ ಮೇಲೆ ಕೈಯಿಟ್ಟುಕೊಂಡು ಕುಸಿದು ಕೂತಳು.

"ಯವ್ವಾ, ನೀವೇನ್ರಿ? ಜೀವಾ ಬಾಯಾಗ ಬಂದಿತ್ತಲ್ರಿ ನಮ್ದು! ಹಿಂಗ ಹೇಳದಂಗ ಬಂದು ಕುಂತ್ರ ಹೆಂಗ? ಮುಖಾ ನೋಡ್ರಿ ಎಷ್ಟು ಬಾಡೈತಿ." ಸೆರಗಿನಿಂದ ಸುರೇಖಾಳ ಹಣೆ, ಕತ್ತು ಒರೆಸಿದಳು. ಒರೆಸುವ ಕೈಯನ್ನು ಸುರೇಖಾ ತಟ್ಟನೆ ಹಿಡಿದುಕೊಂಡಳು. ಅವಳ ಭುಜ ಒಮ್ಮೆ ಕುಲುಕಿತು. ಮುಖ ಮಾರೆವ್ವನ ತೋಳಿನ ಹಿಂದಿತ್ತು. ಅತ್ತಳೋ ಏನೋ, ಅವನಿಗೆ ಕಾಣಲಿಲ್ಲ. ಆ ಕಡೆ ಹೋಗಿ ನೋಡಲು ನಾಲ್ಕು ಹೆಜ್ಜೆ ಇಡಬೇಕಿತ್ತು.

ಫಾತಿಮಾಬೀ ಸುರೇಖಾಳ ಬಟ್ಟೆ ನೋಡಿದಳು. ಹ್ಯಾಂಡಲಿನ ದುಪಟ್ಟಾ ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಕರಕೊಂಡು ಹೋಗ್ರಿ ಸಾಹೇಬ್ರ," ಎಂದಳು ಕೊನೆಗೆ. "ಈ ಏರಿ ಹಿಡದ್ರ ಫ್ಯಾಕ್ಟರಿ ಸಿಗತೈತಿ."

ಸುರೇಖಾ ಸೈಕಲ್ಲು ಎತ್ತಿ ನಿಲ್ಲಿಸಿದಳು. ಮಾರೆವ್ವ ಅವಳ ಹೆಲ್ಮೆಟ್ಟಿನ ಮಣ್ಣು ಒರೆಸಿ ಕೈಗೆ ಕೊಟ್ಟಳು.

"ನೀವು ಮುಂದ ನಡೀರಿ," ಎಂದಳು ಸುರೇಖಾ ಅವನಿಗೆ. "ನಾ ಹಿಂದ ಬರ್ತೀನಿ."

"ಬೇಡ, ನೀನ ಮುಂದ..."

"ನಡೀರಿ."

ಅವನು ಕೆಳಗಿಳಿದು ತನ್ನ ಸೈಕಲ್ಲನ್ನು ಏರಿಯ ಮೇಲೆ ತಂದು ಹತ್ತಿದ. ಏರಿ ಕಿರಿದಾಗಿತ್ತು, ಇಬ್ಬರು ಜೋಡಿಯಾಗಿ ಹೋಗುವಂತಿರಲಿಲ್ಲ. ಎಡಕ್ಕೆ ಬೇಲಿ ಮುರಿದ ಜಾಗ, ಅದರ ಕೆಳಗೆ ಹೊಂಡ. ಹೊತ್ತು ಇಳಿದು ಬಿಸಿಲು ಬೆನ್ನಿಗೆ ಬೀಳುತ್ತಿತ್ತು. ಅವನ ನೆರಳು ಚಕ್ರದ ಮುಂದೆ ಉದ್ದಕ್ಕೆ ಚಾಚಿಕೊಂಡಿತ್ತು. ಅದರ ಪಕ್ಕದಲ್ಲಿ ಇನ್ನೊಂದು, ತುಸು ಹಿಂದೆ. ಅವಳದು. ಅದನ್ನು ನೋಡುತ್ತ ಪೆಡಲು ತುಳಿದ. ಅದು ಇರುವ ತನಕ ತಿರುಗಿ ನೋಡಬೇಕಾಗಿಲ್ಲ.

ಏರಿ ಒಂದಿಷ್ಟು ತಿರುಗಿತು. ಎರಡನೆಯ ನೆರಳು ಮೆಲ್ಲಗೆ ಸರಿದು ಅವನ ನೆರಳಿನೊಳಗೆ ಹೋಯಿತು.

ಒಂದೇ ಉಳಿಯಿತು. ಅವಳು ನೆಟ್ಟಗೆ ಅವನ ಹಿಂದೆಯೇ ಬರುತ್ತಿದ್ದರೂ ಹೀಗೆಯೇ ಕಾಣುತ್ತದೆ. ಅವಳಿಲ್ಲದಿದ್ದರೂ ಹೀಗೆಯೇ ಕಾಣುತ್ತದೆ. ಕಿವಿಗೊಟ್ಟ. ಈ ಸೈಕಲ್ಲುಗಳು ಹೆಚ್ಚು ಸದ್ದು ಮಾಡುವುದಿಲ್ಲ; ಗುಂಯ್ ಎನ್ನುತ್ತಿದ್ದುದು ಒಂದೋ ಎರಡೋ ತಿಳಿಯಲಿಲ್ಲ.

ಹೆಸರು ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದ. ಗಾಳಿ ಒಳಗೆ ನುಗ್ಗಿತು.

ಮುಂದೆ ನೆರಳು ಬೆಳೆಯುತ್ತಲೇ ಇತ್ತು. ಚಕ್ರ, ಕಾಲು, ಸೊಂಟ, ಭುಜ. ತಲೆ ಮಾತ್ರ ಏರಿಯನ್ನು ದಾಟಿ, ತಗ್ಗಿನ ಸಾಲುಗಳ ಕತ್ತಲೆಯಲ್ಲಿ ಎಲ್ಲೋ ಬಿದ್ದಿತ್ತು.