ಎಡಗೈಗೆಂದೇ ಮಾಡಿದ ರಿಮೋಟು

ಕೆಟ್ಟು ಮೂಲೆ ಸೇರಿದ್ದ ಎರಡು ರಿಮೋಟುಗಳಿಂದ ನನ್ನ ಜನ್ಮವಾಯಿತು. ಮೈಯ ಒಂದು ಹೋಳು ಕಪ್ಪು, ಇನ್ನೊಂದು ಬೂದು. ನಡುವೆ ಅಂಟಿನ ಗೆರೆ. ಚೆಲುವಿಗಾಗಿ ನನ್ನನ್ನು ಯಾರೂ ಹೊಗಳಿಲ್ಲ.

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಬಸಲಿಂಗ ಹೊಂಬಳ ಎಂಬವನ ಟಿವಿ ರಿಪೇರಿ ಅಂಗಡಿ ಇತ್ತು. ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಡಬ್ಬಿಗಳು ಆಗಷ್ಟೇ ಊರಿಗೆ ಬಂದಿದ್ದವು. ಅವುಗಳ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಎಡಗೈ ಪರದೆಯ ಮೇಲಿನ ಗೊಂಬೆಯನ್ನು ಓಡಿಸಿದರೆ ಬಲಗೈ ಹಾರಿಸುತ್ತದೆ. ಬಸಲಿಂಗನ ತಂಗಿ ಅನಸೂಯಾಳ ಬಲಗೈ ಚಿಕ್ಕಂದಿನಲ್ಲೇ ಪೋಲಿಯೋದಿಂದ ಬತ್ತಿಹೋಗಿತ್ತು. ಅಣ್ಣನ ಅಂಗಡಿಯಲ್ಲಿ ಗಿರಾಕಿಗಳ ಚೀಟಿ ಬರೆದುಕೊಂಡು ಕೂರುತ್ತಿದ್ದಳು. ರಿಪೇರಿಯಾದ ಡಬ್ಬಿಗಳನ್ನು ಅಣ್ಣ ಆಡಿ ನೋಡುವಾಗ ಕಣ್ಣು ಮಿಟುಕಿಸದೆ ನೋಡುವಳು. ಒಂದು ದಿನ ತಾನೂ ಹಿಡಿದಳು.

"ಓಡ್ಸಾಕ ಬರ್ತದ, ಹಾರ್ಸಾಕ ಬರಂಗಿಲ್ಲ," ಎಂದು ನಕ್ಕು ಕೆಳಗಿಟ್ಟಳು.

ಬಸಲಿಂಗ ನಗಲಿಲ್ಲ. ಮರುದಿನ ಅವಳ ಎಡಗೈಯನ್ನು ಹಳೆ ಪೇಪರಿನ ಮೇಲೆ ಊರಿಸಿ ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದ. ಓಡಿಸುವ ಗುಂಡಿಗಳನ್ನು ಹೆಬ್ಬೆರಳಿನ ಕೆಳಗೆ ಇಟ್ಟ. ಹಾರಿಸುವ ಗುಂಡಿಯನ್ನು ನನ್ನ ಬೆನ್ನಿಗೆ, ತೋರುಬೆರಳು ಮಡಚಿದರೆ ಸಿಗುವ ಕಡೆ ಕೂರಿಸಿದ. ಹನ್ನೊಂದು ದಿನ ಬೇಕಾಯಿತು. ಎರಡು ಸಲ ನನ್ನನ್ನು ಬಿಚ್ಚಿ ಮತ್ತೆ ಕಟ್ಟಿದ, ಅವಳ ಬೆರಳು ನೋಯುತ್ತದೆ ಎಂದು.

ಆಮೇಲೆ ಅನಸೂಯಾ ಅಂಗಡಿಯ ಕಟ್ಟೆಯ ಮೇಲೆ ಕೂತು ಆಡತೊಡಗಿದಳು. ಸಂತೆಚೀಲ ಹಿಡಿದ ಹೆಂಗಸರು ನಿಂತು ನೋಡುವರು. "ಒಂದಾ ಕೈಲೆ ಆಡ್ತಾಳಲ್ರಿ," ಎಂದು ಬೆರಗಾಗುವರು. ಬಸಲಿಂಗ ಎಲ್ಲರನ್ನೂ ಕರೆದು ನನ್ನ ಬೆನ್ನು ತಿರುಗಿಸಿ ತೋರಿಸುವನು. ಯಾರಾದರೂ ಕೇಳಿದರೆ ಹೇಗೆ ಮಾಡಿದೆ ಎಂದು ಬಿಡಿಸಿ ಹೇಳುವನು. ಮುಚ್ಚಿಡುವುದು ಅವನಿಗೆ ಗೊತ್ತೇ ಇರಲಿಲ್ಲ.

ಹನ್ನೆರಡು ವರ್ಷದ ಮೇಲೆ ಎದೆನೋವಿನಿಂದ ಅವನು ತೀರಿಹೋದ. ಅಂಗಡಿ ಬೇರೆಯವರ ಪಾಲಾಯಿತು. ಅನಸೂಯಾ ಗಿರಣಿಚಾಳದಲ್ಲಿ ಒಂದು ಕೋಣೆ ಹಿಡಿದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಸಂಜೆ ಬಂದು ಕೈಕಾಲು ತೊಳೆದು ನನ್ನನ್ನು ಕೈಗೆತ್ತಿಕೊಳ್ಳುವಳು. ಆಡುತ್ತ ಆಡುತ್ತ ಅಣ್ಣನ ಜತೆ ಮಾತಾಡುವಳು.

ಅಷ್ಟರಲ್ಲಿ ಹೊರಗೆ ಒಂದು ಜಗಳ ಹುಟ್ಟಿತ್ತು. ಬೆಂಗಳೂರಿನ ದೊಡ್ಡ ಗೇಮ್ ಕಂಪನಿಯೊಂದು ಒಂದೇ ಕೈಯಲ್ಲಿ ಆಡುವ ರಿಮೋಟಿಗೆ ಪೇಟೆಂಟ್ ಪಡೆದಿತ್ತು. ಇದು ತನ್ನದೇ ಹೊಸ ಶೋಧ, ಬೇರೆ ಯಾರೂ ಮಾಡುವಂತಿಲ್ಲ ಎಂಬ ಹಕ್ಕು ಅದು. ಪುಣೆಯ ಸಣ್ಣ ಕಂಪನಿಯೊಂದು ಅಂಗವಿಕಲ ಮಕ್ಕಳ ಶಾಲೆಗಳಿಗೆಂದು ಅಂಥದ್ದನ್ನೇ ಅಗ್ಗದಲ್ಲಿ ಮಾಡಿತು. ದೊಡ್ಡ ಕಂಪನಿ ದಾವೆ ಹೂಡಿತು. ಮಾಡುವುದನ್ನು ನಿಲ್ಲಿಸಿ ಎಂದು ಕೋರ್ಟು ತಡೆ ಕೊಟ್ಟಿತು.

ಪುಣೆಯವರ ವಕೀಲೆ ವೈಜಯಂತಿ ಕಿತ್ತೂರ ಹುಬ್ಬಳ್ಳಿಯವರೇ. ಹುಡುಕಿಕೊಂಡು ಕೋಣೆಗೆ ಬಂದರು.

"ನಾ ಸಾಲಿಗೆ ಹೋಗೂವಾಗ ನೀವು ಕಟ್ಟಿ ಮ್ಯಾಲೆ ಕೂತು ಆಡೂದ್ ನೋಡೀನ್ರಿ ಅಕ್ಕಾರ. ಅವರ ಪೇಟೆಂಟಿಗಿಂತ ಭಾಳ ಮೊದಲಽ ಇದು ಎಲ್ಲಾರಿಗೂ ಗೊತ್ತಿತ್ತು ಅಂತ ನೀವು ಕೋರ್ಟಿನ್ಯಾಗ ಹೇಳಬೇಕು. ಮಂದಿಗೆ ಮೊದಲಽ ಗೊತ್ತಿದ್ದದ್ದಕ್ಕ ಪೇಟೆಂಟ್ ನಿಲ್ಲಂಗಿಲ್ಲ. ಈ ರಿಮೋಟನ್ನೂ ಅಲ್ಲೇ ಒಪ್ಪಿಸಬೇಕಾಗ್ತದ."

"ಎಷ್ಟು ದಿನ ಇಟ್ಕೋತಾರ?"

"ಖರೆ ಹೇಳ್ತೀನಿ, ನನಗೂ ಗೊತ್ತಿಲ್ಲ. ವರ್ಷಗಟ್ಟಲೆ ಆಗಬಹುದು."

ಅನಸೂಯಾ ಆ ದಿನ ಹೂಂ ಅನ್ನಲಿಲ್ಲ. ಅವಳ ಕೈ ನನ್ನ ಮೇಲೆಯೇ ಇತ್ತು.

ಎರಡು ದಿನಕ್ಕೆ ದೊಡ್ಡ ಕಂಪನಿಯ ಪುರಂದರ ಎಂಬ ಅಧಿಕಾರಿ ಬಂದ. ಬಹಳ ಮರ್ಯಾದೆಯ ಮನುಷ್ಯ. ನನ್ನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. "ಇದನ್ನ ನಮಗೆ ಕೊಡಿ ಮೇಡಂ. ನಮ್ಮ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡ್ತೀವಿ. ಕೆಳಗೆ ನಿಮ್ಮ ಅಣ್ಣನ ಹೆಸರು, ಫೋಟೋ."

ಅನಸೂಯಾಳ ಕಣ್ಣು ತುಂಬಿತು. ಅಣ್ಣನ ಹೆಸರು ಅಂಗಡಿಯ ಬೋರ್ಡಿನ ಮೇಲೂ ಈಗ ಉಳಿದಿರಲಿಲ್ಲ.

ಪುರಂದರ ಒಂದು ಕಾಗದ ಮುಂದಿಟ್ಟ. ಅವಳು ನಿಧಾನವಾಗಿ ಓದಿದಳು. "ಮನಿಯವರನ್ನ ಬಿಟ್ಟು ಯಾರೂ ನೋಡಿಲ್ಲ ಅಂತ ಬರದೀರಿ."

"ಅದು ಬರೀ ಕಾಗದದ ಮಾತು ಮೇಡಂ."

"ನಮ್ಮ ಅಣ್ಣ ದಾರ್‍ಯಾಗ ಹೋಗೋರನ್ನ ಕರದು ತೋರಿಸ್ತಿದ್ದ ರೀ. ಯಾರೂ ನೋಡಿಲ್ಲ ಅಂದ್ರ, ಅವನು ಮಾಡಿದ್ದಾದ್ರೂ ಯಾಕ?" ಕಾಗದವನ್ನು ಮಡಚಿ ಅವನ ಕೈಗೇ ಕೊಟ್ಟಳು. "ಚಾ ಕುಡದು ಹೋಗ್ರಿ."

ಬೆಂಗಳೂರಿನ ಕೋರ್ಟಿನಲ್ಲಿ ನನಗೊಂದು ನಂಬರಿನ ಚೀಟಿ ಕಟ್ಟಿದರು. ಎದುರು ವಕೀಲರು, ಇದು ಕೆಲಸ ಮಾಡುತ್ತಿತ್ತು ಎನ್ನುವುದಕ್ಕೆ ಏನು ಆಧಾರ ಎಂದರು. ವೈಜಯಂತಿ ಹಳೆಯ ಡಬ್ಬಿ, ಹಳೆಯ ಟಿವಿ ತರಿಸಿದ್ದರು. ಆಡಿ ತೋರಿಸಿ ಎಂದರು ನ್ಯಾಯಾಧೀಶರು. ಅಷ್ಟು ಕರಿ ಕೋಟುಗಳ ನಡುವೆ ಅನಸೂಯಾಳ ಅಂಗೈ ಬೆವರಿ ನಾನು ಜಾರಿದೆ. ಗೊಂಬೆ ಮೊದಲ ಹಳ್ಳಕ್ಕೇ ಬಿತ್ತು. ಅವಳು ತಲೆ ತಗ್ಗಿಸಿದಳು.

"ಅವಸರ ಇಲ್ಲಮ್ಮ," ಎಂದರು ನ್ಯಾಯಾಧೀಶರು. "ಇನ್ನೊಂದು ಸಲ ಆಡಿ."

ಅವಳು ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ಹಿಡಿದಳು. ಈ ಸಲ ಹಳ್ಳ ದಾಟಿದಳು, ಗೋಡೆ ದಾಟಿದಳು. ನಾಲ್ಕು ನಿಮಿಷ ಆಟ ಓಡಿತು. ಎದುರು ವಕೀಲರೂ ಕುತ್ತಿಗೆ ಚಾಚಿ ಟಿವಿಯನ್ನೇ ನೋಡುತ್ತಿದ್ದರು.

ಪೇಟೆಂಟ್ ರದ್ದಾಯಿತು, ತಡೆ ತೆರವಾಯಿತು. ದೊಡ್ಡ ಕಂಪನಿ ಮೇಲ್ಮನವಿ ಹಾಕಿದ್ದರಿಂದ ನನ್ನನ್ನು ಮಾತ್ರ ಬಿಡಲಿಲ್ಲ. ಎರಡೂ ಕಂಪನಿಗಳ ರಿಮೋಟುಗಳ ಜತೆ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ದಾಖಲೆ ಕೋಣೆ ಸೇರಿದೆ. ಹೊರಗೆ ಅಷ್ಟು ಹೋರಾಡಿದವುಗಳು ಒಳಗೆ ಮೈಗೆ ಮೈ ತಾಗಿಸಿ ಮಲಗಿದ್ದವು. ಮೂವರ ಬೆನ್ನಿನ ಗುಂಡಿಯೂ ಹೆಚ್ಚುಕಡಿಮೆ ಒಂದೇ ಕಡೆ ಇತ್ತು.

ಆರು ವರ್ಷದ ಮೇಲೆ ಮೇಲ್ಮನವಿಯೂ ವಜಾ ಆಯಿತು. ಅನಸೂಯಾ ರೈಲು ಹತ್ತಿ ತಾನೇ ಬಂದಳು. ಕೂದಲು ಪೂರ್ತಿ ನೆರೆತಿತ್ತು. ಗುಮಾಸ್ತ ಕೊಟ್ಟ ಪುಸ್ತಕದಲ್ಲಿ ಸಹಿ ಹಾಕಿ, ಚೀಟಿಯ ದಾರವನ್ನು ಹಲ್ಲಿನಿಂದ ಕಡಿದು ತೆಗೆದಳು.

ಈಗ ಮನೆಯಲ್ಲಿರುವುದು ಗೋಡೆಗೆ ನೇತುಹಾಕುವ ಟಿವಿ. ನನ್ನ ಹಳೆಯ ಡಬ್ಬಿಯ ವಯರು ಸೇರುವ ತೂತು ಅದಕ್ಕಿಲ್ಲ. ಅವಳು ಆಡುವುದು ಪುಣೆಯವರು ಕಳಿಸಿದ ಹೊಸ ರಿಮೋಟಿನಲ್ಲಿ. ಅದು ಹಗುರ, ಅವಳ ನೋಯುವ ಕೀಲುಗಳಿಗೆ ಒಳ್ಳೆಯದು. ನನಗೆ ಹೊಟ್ಟೆಕಿಚ್ಚಿಲ್ಲ. ಯಾರು ಮೊದಲು ಎಂದು ಅವರೆಲ್ಲ ಸಾವಿರ ಪುಟ ಬರೆದರು. ಒಬ್ಬಳ ಕೈಗೆ ಸರಿಹೋಗಬೇಕೆಂದು ಹುಟ್ಟಿದವನು ನಾನು, ಸರಿಹೋದೆ. ಆಟ ಮುಗಿಸಿ ಧಾರಾವಾಹಿ ನೋಡುವಾಗ ಅವಳು ನನ್ನನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ. ತೋರುಬೆರಳು ಬೆನ್ನಿನ ಗುಂಡಿಯನ್ನು ಮೆಲ್ಲಗೆ ಒತ್ತುತ್ತದೆ, ಬಿಡುತ್ತದೆ. ಎಲ್ಲೂ ಏನೂ ಹಾರುವುದಿಲ್ಲ. ಅವಳು ಒತ್ತುತ್ತಲೇ ಇರುತ್ತಾಳೆ.